ಮೆಗ್ನೀಸಿಯಂ ಶೀಟನ್ನು ಬಿಸಿ ಮಾಡಿ ಕತ್ತರಿಸಿದರೆ ಬೆಂಕಿ ಹೊತ್ತಿಕೊಳ್ಳುತ್ತದೆಯೇ?

ಶಾಲೆಯ ಲ್ಯಾಬ್‌ನಲ್ಲಿ ಮೆಗ್ನೀಸಿಯಂ ರಿಬ್ಬನ್ ಉರಿಯುವುದನ್ನು ನೋಡಿದ ನಮಗೆಲ್ಲ ಈ ಭಯ ಸಹಜ. ಆದರೆ ಮಿಶ್ರಲೋಹದ ಶೀಟ್ ಅಷ್ಟು ಸುಲಭವಾಗಿ ಹೊತ್ತುವುದಿಲ್ಲ. ತಾಗಿದ ಶಾಖ ಲೋಹದೊಳಗೆ ಹರಡಿಬಿಡುತ್ತದೆ.

ಬಿಸಿ ಮಾಡುವುದೇಕೆ? ತಣ್ಣಗಿರುವಾಗ ಮೆಗ್ನೀಸಿಯಂನ ಪರಮಾಣು ಪದರಗಳಿಗೆ ಜಾರಲು ಕೆಲವೇ ದಾರಿಗಳಿವೆ. ಹಾಗಾಗಿ ಕತ್ತರಿಸಿದ ಅಂಚು ಬಿರುಕುಬಿಟ್ಟು ಒರಟಾಗುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇನ್ನಷ್ಟು ದಾರಿಗಳು ತೆರೆದುಕೊಂಡು ಅಂಚು ನುಣುಪಾಗುತ್ತದೆ. ಜೊತೆಗೆ ಬ್ಲೇಡ್ ಹರಿತವಾಗಿರಬೇಕು, ಎರಡು ಬ್ಲೇಡ್‌ಗಳ ನಡುವಿನ ಗ್ಯಾಪ್ ಕಡಿಮೆ ಇರಬೇಕು.

ನಿಜವಾದ ಅಪಾಯ ಇರುವುದು ಅಂಚು ಉಜ್ಜುವಾಗ ಉದುರುವ ಪುಡಿಯಲ್ಲಿ. ಅದಕ್ಕೆ ಬೆಂಕಿ ತಗುಲಿದರೆ ನೀರು ಹಾಕಲೇಬೇಡಿ: ಹೈಡ್ರೋಜನ್ ಹುಟ್ಟಿ ಸ್ಫೋಟವಾಗಬಹುದು. ಲೋಹದ ಬೆಂಕಿಗೆಂದೇ ಇರುವ ‘ಡಿ’ ಕ್ಲಾಸ್ ಅಗ್ನಿಶಾಮಕ ಬಳಸಿ.

ನಾವು ಹೇಳುವುದಿಷ್ಟೇ: ಹೆದರಬೇಕಾದ್ದು ಶೀಟಿಗಲ್ಲ, ಪುಡಿಗೆ.