ಸೆಂಟ್ರೋಮಿಯರ್‌ನ ವಿಳಾಸ ಬರೆದಿರೋದು ಎಲ್ಲಿ?

ಇವತ್ತು ಒಂದು ಸಣ್ಣ ಸೊಂಟದ ಕಥೆ. ಕ್ರೋಮೋಸೋಮಿನ ಸೊಂಟ.

ನಮ್ಮ ಜೀವಕೋಶ ಎರಡಾಗುವ ಮೊದಲು ಅದರ 46 ಕ್ರೋಮೋಸೋಮುಗಳಿಗೂ ಒಂದೊಂದು ನಕಲು ತಯಾರಾಗುತ್ತೆ. ಅಸಲು, ನಕಲು ಅಂಟಿಕೊಂಡಿರುವಾಗ ಒಂದು ಕಡೆ ಸಣ್ಣಗೆ ಸೊಂಟದ ಹಾಗೆ ಕಾಣುತ್ತಲ್ಲ, ಅದೇ ಸೆಂಟ್ರೋಮಿಯರ್. ಕೋಶದ ಎರಡು ತುದಿಗಳಿಂದ ಬರುವ ಎಳೆಗಳು ಹಿಡಿದು ಎಳೆಯೋದು ಅಲ್ಲೇ. 46 ಜೋಡಿಗಳೂ ಎರಡೂ ಕಡೆಯಿಂದ ಬಿಗಿಯಾಗೋವರೆಗೆ ಕೋಶ ಕಾಯುತ್ತೆ, ಆಮೇಲೆ ಅಂಟು ಬಿಡಿಸುತ್ತೆ. ಅಂಡಾಣು ತಯಾರಾಗುವಾಗ ಇಂಥ ಹಂಚಿಕೆ ತಪ್ಪಿದರೆ ಮಗುವಿನಲ್ಲಿ ಲೆಕ್ಕ ಕೆಡುತ್ತೆ. 21ನೇ ಕ್ರೋಮೋಸೋಮ್ ಒಂದು ಹೆಚ್ಚಾದರೆ ಡೌನ್ ಸಿಂಡ್ರೋಮ್. ಎಷ್ಟೋ ಗರ್ಭಪಾತಗಳ ಹಿಂದೆ ಇರೋದೂ ಇದೇ ಲೆಕ್ಕದ ತಪ್ಪು. ಯಾರ ನಡತೆಯಿಂದಲೂ ಆದದ್ದಲ್ಲ, ಇದನ್ನ ಒತ್ತಿ ಹೇಳ್ತೀನಿ.

ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಕೋಶ ವಿಭಜನೆಯ ಚಿತ್ರಗಳ ಪುಸ್ತಕ ತಂದದ್ದು 1882ರಲ್ಲಿ. ಸೆಂಟ್ರೋಮಿಯರ್ ಅನ್ನೋ ಹೆಸರು ಬಂದದ್ದು 1936ರಲ್ಲಿ, ಇಂಗ್ಲೆಂಡಿನ ಸಿರಿಲ್ ಡಾರ್ಲಿಂಗ್ಟನ್ ಅವರಿಂದ. ಹೆಸರೇನೋ ಸಿಕ್ಕಿತು. ಆದರೆ ಅಷ್ಟುದ್ದದ ಡಿಎನ್‌ಎಯಲ್ಲಿ ಹಿಡಿಯಬೇಕಾದ ಜಾಗ ಇದೇ ಅಂತ ಕೋಶಕ್ಕೆ ಹೇಗೆ ಗೊತ್ತಾಗುತ್ತೆ?

1980ರಲ್ಲಿ ಕ್ಯಾಲಿಫೋರ್ನಿಯಾದ ಲೂಯಿಸ್ ಕ್ಲಾರ್ಕ್ ಮತ್ತು ಜಾನ್ ಕಾರ್ಬನ್, ಬ್ರೆಡ್ ಉಬ್ಬಿಸುವ ಯೀಸ್ಟ್‌ನಿಂದ ಒಂದು ಸೆಂಟ್ರೋಮಿಯರನ್ನು ಬೇರ್ಪಡಿಸಿದರು. ಆಮೇಲೆ ಲೆಕ್ಕ ಹಾಕಿದರೆ ಅದಕ್ಕೆ ಬೇಕಾದದ್ದು ಸುಮಾರು 125 ಅಕ್ಷರಗಳಷ್ಟು ಡಿಎನ್‌ಎ, ಅಷ್ಟೇ! ಕೋಡ್ ಬರೆಯೋರಿಗೆ ಖುಷಿಯಾಗಬೇಕು: ಅಡ್ರೆಸ್ ಹಾರ್ಡ್‌ಕೋಡ್ ಆಗಿದೆ.

ಇನ್ನೊಂದು ಸುಳಿವು ಬಂದದ್ದು ರೋಗಿಗಳ ರಕ್ತದಿಂದ. ಸ್ಕ್ಲೆರೋಡರ್ಮಾ ಅಂತ ಚರ್ಮ ಬಿಗಿದುಕೊಳ್ಳುವ ಕಾಯಿಲೆ ಇದೆ. ಅದಿರುವ ಕೆಲವರ ರಕ್ತದ ಆಂಟಿಬಾಡಿಗಳು ತಮ್ಮದೇ ಸೆಂಟ್ರೋಮಿಯರ್‌ಗೆ ಹೋಗಿ ಅಂಟಿಕೊಳ್ಳುತ್ತವೆ. ದೇಹದ ಆ ಎಡವಟ್ಟನ್ನೇ ಗಾಳವಾಗಿ ಬಳಸಿ 1985ರಲ್ಲಿ ವಿಲಿಯಂ ಅರ್ನ್‌ಶಾ ಮತ್ತು ನವೋಮಿ ರಾತ್‌ಫೀಲ್ಡ್ ಮೂರು ಪ್ರೋಟೀನ್ ಹಿಡಿದರು. ಅದರಲ್ಲಿ ಸೆನ್ಪ್-ಎ ಮುಖ್ಯ. ದಾರ ಸುತ್ತುವ ಉರುಳೆಯ ಹಾಗೆ ಡಿಎನ್‌ಎ ಸುತ್ತಿಕೊಳ್ಳೋ ಪ್ರೋಟೀನುಗಳಿವೆಯಲ್ಲ, ಇದು ಆ ಪೈಕಿ ಸೆಂಟ್ರೋಮಿಯರ್‌ಗೇ ಮೀಸಲಾದದ್ದು.

1993ರಲ್ಲಿ ಆಸ್ಟ್ರೇಲಿಯಾದಿಂದ ವಿಚಿತ್ರ ವರದಿ. ಒಬ್ಬ ರೋಗಿಯ 10ನೇ ಕ್ರೋಮೋಸೋಮಿನಲ್ಲಿ, ಮಾಮೂಲಿ ಸೆಂಟ್ರೋಮಿಯರ್ ಡಿಎನ್‌ಎ ಇಲ್ಲದ ಕಡೆ ಹೊಸ ಸೆಂಟ್ರೋಮಿಯರ್ ಹುಟ್ಟಿತ್ತು, ಕೆಲಸವನ್ನೂ ಮಾಡ್ತಿತ್ತು! ಇಂಥ ಕಡೆಗಳಲ್ಲೂ ಸೆನ್ಪ್-ಎ ಮಾತ್ರ ತಪ್ಪದೆ ಸಿಕ್ಕಿತು. ಅಂದರೆ ನಮ್ಮಲ್ಲಿ ವಿಳಾಸ ಅಕ್ಷರದಲ್ಲಿಲ್ಲ, ಮೇಲೆ ಕೂತ ಪ್ರೋಟೀನಿನಲ್ಲಿದೆ.

2004ರಲ್ಲಿ ಅದೇ ಕಾರ್ಬನ್ ಜೊತೆ ಕೌಸ್ತುವ್ ಸನ್ಯಾಲ್ ಕ್ಯಾಂಡಿಡಾ ಅನ್ನೋ ರೋಗಕಾರಕ ಯೀಸ್ಟ್ ನೋಡಿದರು. 8 ಕ್ರೋಮೋಸೋಮು, 8 ಸೆಂಟ್ರೋಮಿಯರು, ಒಂದರ ಹಾಗೆ ಒಂದಿಲ್ಲ. ಮುಂದೆ ಸನ್ಯಾಲ್ ಪ್ರಯೋಗಾಲಯ ಕಟ್ಟಿದ್ದು ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ ಕ್ಯಾಂಡಿಡಾದ ಒಂದು ಸೆಂಟ್ರೋಮಿಯರನ್ನೇ ಕತ್ತರಿಸಿ ತೆಗೆದು ನೋಡಿದರು. ಹತ್ತಿರದಲ್ಲೇ ಹೊಸದು ಎದ್ದಿತು.

ಇದೇ ಕ್ಯಾಂಡಿಡಾ ಕೆಲವು ಸಲ ಕ್ರೋಮೋಸೋಮ್ ಲೆಕ್ಕ ಏರುಪೇರು ಮಾಡಿಕೊಂಡೇ ಫ್ಲುಕೋನಜೋಲ್ ಔಷಧಿಯಿಂದ ತಪ್ಪಿಸಿಕೊಳ್ಳುತ್ತೆ. ಅದು ಇನ್ನೊಂದು ವಿಡಿಯೋಗೆ ಆಗುವಷ್ಟಿದೆ.