ಸೂತ್ರ ಬಲ್ಲ ಭಾಷೆಗಳು

ಬಸವನ ಬಾಗೇವಾಡಿಯ ಸೀಮೆಯಲ್ಲಿ ಹಿರಿಯ ಒಕ್ಕಲಿಗನು ಎರೆಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, “ಹಸಿ ಕೂಡೇತಿ, ಜೋಳ ಬಿತ್ರಿ” ಎನ್ನುತ್ತಾನೆ. ಹೀಗಿದ್ದರೆ ಇದು, ಹಾಗಿದ್ದರೆ ಅದು ಎಂಬ ನೂರಾರು ಸೂತ್ರಗಳು ಅವನ ತಲೆಯಲ್ಲಿವೆ. ಕೇಳಿ ಬರೆದುಕೊಳ್ಳದಿದ್ದರೆ ಅವನೊಡನೆಯೇ ಹೋಗತಕ್ಕವು. ಇಂತಹ ಬಲ್ಲವರ ಅರಿವನ್ನು ಗಣಕಯಂತ್ರಕ್ಕೆ ಒಪ್ಪಿಸುವ ಏರ್ಪಾಡಿಗೆ ‘ಪರಿಣತ ವ್ಯವಸ್ಥೆ’ ಎಂದು ಹೆಸರು. ಅದರ ಭಾಷೆಗಳ ಚರಿತ್ರೆಯು ವ್ಯಾಕರಣ ಓದಿದ ವಾಚಕರಿಗೆ ಪರಕೀಯವೆನಿಸಲಾರದು.

ಮೊದಲನೆಯದು 1958ರಲ್ಲಿ ಅಮೇರಿಕೆಯ ಜಾನ್ ಮೆಕಾರ್ಥಿಯವರು ರೂಪಿಸತೊಡಗಿದ ಲಿಸ್ಪ್. ಅಂಕಿಗಳಿಗಿಂತ ಸಂಕೇತಗಳ ಪಟ್ಟಿಗಳನ್ನು ಕೂಡಿಸಿ ಬಿಡಿಸುವುದೇ ಅದರ ಬಲ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ರಕ್ತದ ಸೋಂಕುಗಳನ್ನು ಗುರುತಿಸಲು ಕಟ್ಟಿದ ‘ಮೈಸಿನ್’ ಈ ಭಾಷೆಯದೇ. ಅದರಲ್ಲಿ ಸುಮಾರು 600 ಸೂತ್ರಗಳಿದ್ದವು. ಸೂತ್ರಗಳು ಬೇರೆ, ಅವನ್ನು ಅನ್ವಯಿಸುವ ಯಂತ್ರಭಾಗ ಬೇರೆ, ವೈದ್ಯರು “ಏಕೆ?” ಎಂದರೆ ತಾನು ಹಿಡಿದ ಸೂತ್ರವನ್ನೇ ಮುಂದಿಡುತ್ತಿತ್ತು.

ಒಂದೇ ಸಂದರ್ಭಕ್ಕೆ ಎರಡು ಸೂತ್ರಗಳು ಹೊಂದಿದರೆ ಗತಿಯೇನು? ಆ ದಶಕದ ಕೊನೆಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಫೋರ್ಗಿಯವರು ಬೆಳೆಸಿದ ಓಪಿಎಸ್ 5 ಭಾಷೆಯು, ಹೊಸದಾಗಿ ತಿಳಿದುಬಂದ ಸಂಗತಿಗೆ ಹೊಂದುವುದನ್ನು ಮೊದಲು ಆರಿಸುವುದು. ಅಲ್ಲಿಯೂ ಸಮವಾದರೆ ಹೆಚ್ಚು ವಿಶೇಷವಾದುದನ್ನು. ಸಾಮಾನ್ಯ ವಿಧಿಯನ್ನು ಅಪವಾದವು ತಡೆಯುವುದೆಂದು ಪಾಣಿನಿಯ ಪರಂಪರೆಯಲ್ಲಿ ಪಾಠ ಕೇಳಿದವರಿಗೆ ಈ ವ್ಯವಹಾರ ಹಳೆಯ ಪರಿಚಯವೇ. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜನೂ ಕನ್ನಡಕ್ಕೆ ಸೂತ್ರ ಕಟ್ಟಿದವನಲ್ಲವೆ?

1985ರಲ್ಲಿ ನಾಸಾ ಸಂಸ್ಥೆಯ ರಿಕ್ ಬ್ರಿಗ್ಸ್ ಎಂಬವರು, ಶಾಸ್ತ್ರಕಾರರ ಸಂಸ್ಕೃತ ವಾಕ್ಯವಿಶ್ಲೇಷಣೆಯು ಯಂತ್ರದ ಜ್ಞಾನನಿರೂಪಣೆಗೆ ಸಮೀಪವೆಂದು ಬರೆದರು. ಮರುವರ್ಷದ ಡಿಸೆಂಬರದಲ್ಲಿ ಬೆಂಗಳೂರಿನಲ್ಲಿ ಇದೇ ವಿಷಯಕ್ಕೆ ಸಮ್ಮೇಳನ ನೆರೆದು, ಶಾಸ್ತ್ರಪಂಡಿತರೂ ಗಣಕ ವಿಜ್ಞಾನಿಗಳೂ ಒಂದೆಡೆ ಕುಳಿತರು. ಅಂದಿನಿಂದ ‘ಗಣಕಕ್ಕೆ ಸಂಸ್ಕೃತವೇ ಸರ್ವೋತ್ತಮ’ ಎಂಬ ಮಾತು ಸಭೆಗಳಲ್ಲಿ ಹರಿದಾಡುತ್ತಿದೆ. ಬ್ರಿಗ್ಸ್ ತೋರಿಸಿದ್ದು ಹೋಲಿಕೆಯನ್ನು. ಲಿಸ್ಪ್ ಅಷ್ಟಾಧ್ಯಾಯಿಯಿಂದ ಹುಟ್ಟಲಿಲ್ಲ. ನೆರೆಯವನ ಹೊಲದ ಬೆಳೆಗೆ ನಮ್ಮ ಹೆಸರು ಹಚ್ಚುವುದು ಪಾಂಡಿತ್ಯವಲ್ಲ.

ಅದಕ್ಕಿಂತ ನನಗೆ ಪ್ರಿಯವಾದುದು ಪ್ರೊಲಾಗ್ ಭಾಷೆಯ ಜನ್ಮವೃತ್ತಾಂತ. 1972ರಲ್ಲಿ ಮಾರ್ಸೇಲ್ ಪಟ್ಟಣದಲ್ಲಿ ಆಲೇನ್ ಕೊಲ್ಮೆರೋ ಮತ್ತು ಫಿಲಿಪ್ ರೂಸೆಲ್ ಅದನ್ನು ರಚಿಸಿದ್ದು ಯಂತ್ರಕ್ಕೆ ತಮ್ಮ ಫ್ರೆಂಚ್ ನುಡಿಯನ್ನು ತಿಳಿಸುವ ಯತ್ನದಲ್ಲಿ. ದಿನಬಳಕೆಯ ತಾಯ್ನುಡಿಯ ವಾಕ್ಯಗಳನ್ನು ಬಿಡಿಸಹೋಗಿ ಅವರಿಗೆ ತರ್ಕದ ಭಾಷೆ ದಕ್ಕಿತು.

ಭಾಷೆಗಳು ಸಿದ್ಧವಾದ ಮೇಲೂ ಕಷ್ಟವು ಉಳಿದದ್ದು ಬೇರೆಡೆ: ಬಲ್ಲವರ ಮುಂದೆ ತಿಂಗಳುಗಟ್ಟಲೆ ಕುಳಿತು ಕೇಳಿ ಬರೆದುಕೊಳ್ಳುವುದರಲ್ಲಿ. ಮೈಸಿನ್ನಿನ ಸೂತ್ರಗಳೂ ವೈದ್ಯರಿಂದ ಹೀಗೆಯೇ ಒಂದೊಂದಾಗಿ ಬಂದವು. ಪರೀಕ್ಷೆಯಲ್ಲಿ ಅದು ತಜ್ಞರಿಗೆ ಸಮನಾಗಿ ನಿಂತಿತು. ರೋಗಿಯ ಹಾಸಿಗೆಯ ಬಳಿಗೆ ಮಾತ್ರ ಹೋಗಲೇ ಇಲ್ಲ.