ರಾಯಚೂರು ದೋಆಬ್: ಸರ್ಕಾರಿ ಸಾಲದ ಇತಿಹಾಸ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬ್, ಹಳೆಯ ಶಾಸನಗಳ ಎಡೆದೊರೆನಾಡು, ಸರ್ಕಾರದ ಸಾಲಕ್ಕೆ ಒತ್ತೆ ಬಿದ್ದಿದ್ದ ನಾಡು. ಸೇನೆಯ ಖರ್ಚಿನ ಬಾಕಿ ತೀರಿಸಲಾಗದ ಹೈದರಾಬಾದಿನ ನಿಜಾಮರು 1853ರಲ್ಲಿ ಇದನ್ನು ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಕೊಟ್ಟರು. 1860ರಲ್ಲಿ ಇದು ಮತ್ತೆ ಅವರ ಕೈಸೇರಿತು. ಇಂದಿನ ಲಿಂಗಸುಗೂರು, ಸಿಂಧನೂರು ಮತ್ತು ಮಸ್ಕಿ ತಾಲೂಕುಗಳು ಈ ಪ್ರದೇಶಕ್ಕೆ ಸೇರಿವೆ. ಆದಾಯ ಮೀರಿದ ಸರ್ಕಾರಿ ಖರ್ಚಿನ ಭಾರ ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಕರ್ನಾಟಕದಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರದೇಶಗಳು ವಿರಳ.

ಹಿನ್ನೆಲೆ

ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲ್‌ಶಾಹಿಗಳು ಈ ಕಪ್ಪುನೆಲಕ್ಕಾಗಿ ಮತ್ತೆ ಮತ್ತೆ ಕಾದಾಡಿದರು. ಮುದಗಲ್ಲು ಮತ್ತು ರಾಯಚೂರಿನ ಕೋಟೆಗಳು ಆ ಕಾಲದ ಕುರುಹುಗಳು. ಹದಿನೆಂಟನೆಯ ಶತಮಾನದಲ್ಲಿ ದೋಆಬ್ ನಿಜಾಮರ ಆಳ್ವಿಕೆಗೆ ಬಂತು.

1798 ಮತ್ತು 1800ರ ಒಪ್ಪಂದಗಳ ಮೂಲಕ ನಿಜಾಮರು ಕಂಪನಿಯ ಸಹಾಯಕ ಸೈನ್ಯವನ್ನು ಇಟ್ಟುಕೊಳ್ಳಲು ಒಪ್ಪಿದರು. ಅದರ ಖರ್ಚಿಗಾಗಿ ಮೈಸೂರು ಯುದ್ಧಗಳಲ್ಲಿ ತಮ್ಮ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪ ಪ್ರಾಂತ್ಯಗಳನ್ನು 1800ರಲ್ಲೇ ಕಂಪನಿಗೆ ಬಿಟ್ಟುಕೊಟ್ಟರು. ಅಲ್ಲಿಗೆ ಸೇನೆಯ ಲೆಕ್ಕ ಚುಕ್ತಾ ಆಗಬೇಕಿತ್ತು. ಆಗಲಿಲ್ಲ.

ಕಂಟಿಂಜೆಂಟ್ ಸೇನೆ ಮತ್ತು ಪಾಮರ್ ಸಾಲ

ಹೈದರಾಬಾದಿನಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಹೆನ್ರಿ ರಸೆಲ್ 1810ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಇನ್ನೊಂದು ಪಡೆಯನ್ನು ಕಟ್ಟಿದರು. ಮುಂದೆ ಅದೇ ಹೈದರಾಬಾದ್ ಕಂಟಿಂಜೆಂಟ್ ಎನಿಸಿತು. 1800ರ ಒಪ್ಪಂದದಂತೆ ನಿಜಾಮರು ಯುದ್ಧ ಬಂದಾಗ ಮಾತ್ರ ಹೆಚ್ಚಿನ ಪಡೆ ಒದಗಿಸಬೇಕಿತ್ತು. ಈ ಪಡೆಯಾದರೋ ಯುದ್ಧವಿಲ್ಲದ ಕಾಲದಲ್ಲೂ ಖಾಯಂ ಆಗಿ ಉಳಿಯಿತು. ಇದಕ್ಕೆ ವರ್ಷಕ್ಕೆ ಸುಮಾರು 40 ಲಕ್ಷ ರೂಪಾಯಿ ಬೇಕಾಗುತ್ತಿತ್ತು. ಸಂಬಳ ನಿಜಾಮರದು, ಹುಕುಂ ಬ್ರಿಟಿಷರದು. ಲಿಂಗಸುಗೂರಿನಲ್ಲಿಯೂ ಈ ಸೇನೆಯ ಛಾವಣಿ ಇತ್ತು.

ನಿಜಾಮರ ಪರವಾಗಿ ಆಡಳಿತ ನಡೆಸುತ್ತಿದ್ದ ಚಂದೂಲಾಲರು ಹಣ ಹೊಂದಿಸಲು ಎರಡು ದಾರಿ ಹಿಡಿದರು. ಒಂದು, ಸಾಹುಕಾರರ ಸಾಲ. 1820ರಲ್ಲಿ ಹೈದರಾಬಾದಿನ ವಿಲಿಯಂ ಪಾಮರ್ ಕಂಪನಿಯಿಂದ ಭಾರಿ ಬಡ್ಡಿಗೆ ಎತ್ತಿದ 60 ಲಕ್ಷ ರೂಪಾಯಿ ಸಾಲ ಇವುಗಳಲ್ಲಿ ಕುಖ್ಯಾತವಾದದ್ದು. ರೆಸಿಡೆಂಟ್ ಚಾರ್ಲ್ಸ್ ಮೆಟ್‌ಕಾಫ್ ಈ ವ್ಯವಹಾರದ ಒಳಗುಟ್ಟನ್ನು ಬಯಲಿಗೆಳೆದರು. ಉತ್ತರ ಸರ್ಕಾರ್ ಪ್ರಾಂತ್ಯಗಳಿಗಾಗಿ ಬ್ರಿಟಿಷರು ನಿಜಾಮರಿಗೆ ಪ್ರತಿವರ್ಷ ಕೊಡಬೇಕಿದ್ದ ಪೇಷ್ಕಶ್ ಎಂಬ ಕಪ್ಪವನ್ನು ಶಾಶ್ವತವಾಗಿ ಕೈಬಿಟ್ಟು ಪಾಮರ್ ಸಾಲ ತೀರಿಸಲಾಯಿತು. ಹೀಗೆ ವರ್ಷವರ್ಷವೂ ಬರುತ್ತಿದ್ದ ಖಚಿತ ಆದಾಯವೊಂದು ಹಳೆಯ ಬಡ್ಡಿಗೆ ಕರಗಿಹೋಯಿತು.

ಇನ್ನೊಂದು ದಾರಿ ಕಂದಾಯದ ಗುತ್ತಿಗೆ. ಮುಂಗಡ ಹಣ ಕೊಟ್ಟವನಿಗೆ ತಾಲೂಕಿನ ವಸೂಲಿ ಹಕ್ಕು ಸಿಗುತ್ತಿತ್ತು. ನಾಳೆ ಇನ್ನೊಬ್ಬ ಹೆಚ್ಚು ಕೊಟ್ಟರೆ ಹಕ್ಕು ಅವನ ಪಾಲು. ಹೀಗಾಗಿ ಇರುವಷ್ಟು ದಿನದಲ್ಲಿ ಹಾಕಿದ ಹಣವನ್ನೂ ಲಾಭವನ್ನೂ ರಾಶಿ ಕಣದಿಂದಲೇ ಎತ್ತಿಕೊಳ್ಳುವುದು ಗುತ್ತಿಗೆದಾರನ ಹಂಚಿಕೆ. ಕೆರೆಯ ಹೂಳು ತೆಗೆಸುವ, ಬರ ಬಂದ ವರ್ಷ ಕಂದಾಯ ಬಿಡುವ ಹೊಣೆ ಯಾರಿಗೂ ಇರಲಿಲ್ಲ. ಖಜಾನೆಯ ಕೊರತೆ ಮೊದಲು ತಟ್ಟಿದ್ದು ಬಿತ್ತುವವನಿಗೆ.

1853ರ ಒಪ್ಪಂದ

ಸೇನೆಯ ಸಂಬಳ ತಪ್ಪಿದಾಗಲೆಲ್ಲ ರೆಸಿಡೆನ್ಸಿಯ ಖಜಾನೆಯಿಂದ ಹಣ ಕೊಟ್ಟು, ಅದನ್ನು ನಿಜಾಮರ ಹೆಸರಿನಲ್ಲಿ ಬಡ್ಡಿ ಸಮೇತ ಸಾಲವಾಗಿ ಬರೆಯಲಾಗುತ್ತಿತ್ತು. ಚಂದೂಲಾಲರು 1843ರಲ್ಲಿ ಅಧಿಕಾರ ಬಿಟ್ಟ ಮೇಲೂ ಸಾಲ ಬೆಳೆಯಿತು. ಗವರ್ನರ್ ಜನರಲ್ ಡಾಲ್‌ಹೌಸಿ ಹಣದ ಬದಲು ನೆಲವನ್ನೇ ಕೇಳಿದರು. ರೆಸಿಡೆಂಟ್ ಕರ್ನಲ್ ಲೋ ನಡೆಸಿದ ಮಾತುಕತೆಯ ಕೊನೆಗೆ, 1853ರ ಮೇ 21ರ ಒಪ್ಪಂದದಂತೆ ನಿಜಾಮ ನಾಸಿರುದ್ದೌಲಾ ಬೇರಾರ್, ಧಾರಾಶಿವ ಮತ್ತು ರಾಯಚೂರು ದೋಆಬ್‌ಗಳನ್ನು ಕಂಪನಿಯ ಆಡಳಿತಕ್ಕೆ ಒಪ್ಪಿಸಿದರು. ಇಲ್ಲಿನ ಕಂದಾಯದಿಂದ ಕಂಟಿಂಜೆಂಟ್‌ನ ಖರ್ಚು ನಡೆಯಬೇಕು. ಕಂಪನಿ ಪ್ರತಿವರ್ಷ ಲೆಕ್ಕ ಒಪ್ಪಿಸಿ, ಉಳಿದದ್ದನ್ನು ನಿಜಾಮರಿಗೆ ಕೊಡಬೇಕು ಎಂಬುದು ಕರಾರು.

ಬ್ರಿಟಿಷರ ಲೆಕ್ಕದಲ್ಲೇ ಬಾಕಿ ಸುಮಾರು ಅರ್ಧ ಕೋಟಿ ರೂಪಾಯಿ. ಅಷ್ಟಕ್ಕೆ ಮೂರು ಪ್ರಾಂತ್ಯಗಳು ಕೈಬದಲಾದವು. ಸಾಲದ ಪತ್ರಕ್ಕೆ ಸಿಂಧನೂರಿನ ಯಾವ ರೈತನೂ ಸಹಿ ಹಾಕಿರಲಿಲ್ಲ. ಅವನ ಬೆಳೆಯೇ ಅದಕ್ಕೆ ಜಾಮೀನಾಯಿತು.

ಸಾಲಾರ್ ಜಂಗ್ ಸುಧಾರಣೆ

ಒಪ್ಪಂದವಾದ ಕೆಲವೇ ದಿನಗಳಲ್ಲಿ ದಿವಾನರಾದ ಒಂದನೆಯ ಸಾಲಾರ್ ಜಂಗ್, ಸಾಹುಕಾರರಿಗೆ ಒತ್ತೆ ಬಿದ್ದಿದ್ದ ಜಮೀನುಗಳನ್ನು ಬಿಡಿಸಿದರು. ಗುತ್ತಿಗೆ ಪದ್ಧತಿಯನ್ನು ಹಂತಹಂತವಾಗಿ ತೆಗೆದು ಸಂಬಳದ ಅಧಿಕಾರಿಗಳನ್ನು ನೇಮಿಸಿದರು. 1857ರ ಬಂಡಾಯದಲ್ಲಿ ನಿಜಾಮರ ಸರ್ಕಾರ ಬ್ರಿಟಿಷರ ಪರ ನಿಂತಿತು. ಅದಕ್ಕೆ ಪ್ರತಿಯಾಗಿ 1860ರ ಒಪ್ಪಂದದಲ್ಲಿ ರಾಯಚೂರು ದೋಆಬ್ ಮತ್ತು ಧಾರಾಶಿವ ಮರಳಿ ಬಂದವು, 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ಆದರೆ ಬೇರಾರ್ ಬ್ರಿಟಿಷರ ಬಳಿಯೇ ಉಳಿಯಿತು. ಅದರ ಜಮಾಖರ್ಚು ಕೇಳುವ ಹಕ್ಕನ್ನೂ ನಿಜಾಮರು ಬಿಟ್ಟುಕೊಡಬೇಕಾಯಿತು. 1902ರಲ್ಲಿ ಅದು ವರ್ಷಕ್ಕೆ 25 ಲಕ್ಷ ರೂಪಾಯಿಯ ಶಾಶ್ವತ ಗೇಣಿಗೆ ಹೋಯಿತು.

1865ರ ಜಿಲ್ಲಾಬಂದಿ ಆಡಳಿತಕ್ಕೆ ಜಿಲ್ಲೆಯ ಚೌಕಟ್ಟು ಕೊಟ್ಟಿತು. ಆ ವ್ಯವಸ್ಥೆಯಲ್ಲಿ ಲಿಂಗಸುಗೂರು ಜಿಲ್ಲಾಕೇಂದ್ರವಾಗಿತ್ತು. 1905ರಲ್ಲಿ ಆ ಜಿಲ್ಲೆ ರದ್ದಾಯಿತು.

ಕಾಲುವೆಯ ಕಾಲ

ಇಪ್ಪತ್ತನೆಯ ಶತಮಾನದಲ್ಲಿ ಸರ್ಕಾರದ ದೊಡ್ಡ ಖರ್ಚು ಸೇನೆಯಿಂದ ನೀರಾವರಿಯತ್ತ ತಿರುಗಿತು. 1945ರ ಫೆಬ್ರುವರಿ 28ರಂದು ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಹಾಕಿದವು. 1953ರಲ್ಲಿ ನೀರು ಹರಿಯಿತು. 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ಕಣಜವನ್ನಾಗಿ ಮಾಡಿತು. ಸರ್ಕಾರದ ಹಣ ನೆಲಕ್ಕಿಳಿದು ಬೆಳೆಯಾದರೆ ನಾಡು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಕಟ್ಟಿದ್ದನ್ನು ಕಾಯ್ದುಕೊಳ್ಳಲು ಹಣವೂ ಶಿಸ್ತೂ ಬೇಕು. ಬಹುಪಾಲು ಜಮೀನಿಗೆ ಹತ್ತಿ, ಜೋಳದಂಥ ಅರೆನೀರಾವರಿ ಬೆಳೆ ಎಂದು ಲೆಕ್ಕ ಹಾಕಿದ್ದ ಅಚ್ಚುಕಟ್ಟಿನಲ್ಲಿ ಭತ್ತ ಹಬ್ಬಿತು. ಮೇಲ್ಭಾಗದ ಗದ್ದೆಗಳಲ್ಲಿ ನೀರು ನಿಂತು ಜವಳು ಹಿಡಿದರೆ, ಮಾನ್ವಿ, ರಾಯಚೂರಿನ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗಿಳಿಯಬೇಕಾಯಿತು. ಜಲಾಶಯದ ಸಾಮರ್ಥ್ಯ ಹೂಳಿನಿಂದ ಸುಮಾರು 133 ಟಿಎಂಸಿಯಿಂದ 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ, ಬೆಳೆಗೆಂದು ಕೂಡಿಟ್ಟ ನೀರು ದಿನಗಟ್ಟಲೆ ಹೊಳೆ ಸೇರಿತು. ದುರಸ್ತಿಯನ್ನು ಮುಂದೂಡುವುದೂ ಒಂದು ಬಗೆಯ ಸಾಲವೇ, ಆದರೆ ಬಜೆಟ್ ಪುಸ್ತಕದಲ್ಲಿ ಅದು ಕಾಣಿಸುವುದಿಲ್ಲ.

ಕೃಷ್ಣೆಯ ಕಡೆ, ಮೇಲ್ದಂಡೆ ಯೋಜನೆಗಾಗಿ 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು. ಸರ್ಕಾರದ ಖಾತರಿಯ ಮೇಲೆ ನಿಗಮ ಬಾಂಡ್ ಮಾರಿ ಹಣ ತಂದಿತು. ನಾರಾಯಣಪುರ ಬಲದಂಡೆ ಕಾಲುವೆ ಲಿಂಗಸುಗೂರಿನ ಹೊಲಗಳಿಗೆ ನೀರು ತಂದದ್ದು ಈ ಯೋಜನೆಯಿಂದ. ಕೆಲಸ ಬೇಗ ಸಾಗಿತು ನಿಜ. ಆದರೆ ನಿಗಮದ ಸಾಲ ಸರ್ಕಾರದ ಸಾಲವೇ ಆದರೂ ಅದು ಬಹುಕಾಲ ಬಜೆಟ್ಟಿನ ಹೊರಗೇ ಉಳಿಯಿತು. ಇತ್ತ ಮಸ್ಕಿ ಭಾಗದ ರೈತರು ಇದೇ ಬಲದಂಡೆಯ 5ಎ ಕಾಲುವೆಗಾಗಿ ದೀರ್ಘಕಾಲ ಧರಣಿ ಕೂತರು. 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ಮುಖ್ಯ ಮಾತಾಯಿತು.

ಕಾನೂನಿನ ಕಡಿವಾಣ

ರಾಜ್ಯದ ಇಂಥ ಸಾಲಕ್ಕೆ ಮಿತಿ ಹಾಕುವ 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ ದೇಶದ ರಾಜ್ಯಗಳಲ್ಲಿ ಮೊದಲನೆಯದು. ರಾಜಸ್ವ ಕೊರತೆ ಇರಕೂಡದು, ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ಮೀರಬಾರದು, ಒಟ್ಟು ಹೊಣೆಗಾರಿಕೆ ಶೇ 25ರೊಳಗಿರಬೇಕು ಎಂಬುದು ಅದರ ಗೆರೆ. 2004-05ರಿಂದ ಕೋವಿಡ್ ಬರುವವರೆಗೂ ರಾಜ್ಯ ರಾಜಸ್ವ ಉಳಿಕೆ ಕಾಯ್ದುಕೊಂಡಿತ್ತು. 2025-26ರ ಬಜೆಟ್ ಅಂದಾಜಿನಲ್ಲಿ ರಾಜಸ್ವ ಕೊರತೆ 19,262 ಕೋಟಿ, ಹೊಸ ಸಾಲ 1.16 ಲಕ್ಷ ಕೋಟಿ, ಐದು ಗ್ಯಾರಂಟಿ ಯೋಜನೆಗಳ ವೆಚ್ಚ 51,034 ಕೋಟಿ ರೂಪಾಯಿ. ವಿತ್ತೀಯ ಕೊರತೆ ಶೇ 2.95, ಹೊಣೆಗಾರಿಕೆ ಶೇ 24.91. ಕೊನೆಯ ಈ ಎರಡೂ ಗೆರೆಯೊಳಗಿದ್ದರೂ ಅಂಚಿಗೆ ಬಂದು ನಿಂತಿದ್ದವು.

ಮಹತ್ವ

1853ರ ಸಂಕಟಕ್ಕೆ ಸಾಲ ಮಾಡಿದ್ದಷ್ಟೇ ಕಾರಣವಲ್ಲ. ಕಡಿಮೆ ಮಾಡಲಾಗದ ಖರ್ಚೊಂದು ವರ್ಷವರ್ಷವೂ ಬೆಳೆಯಿತು, ಅದರ ಮೇಲೆ ಹತೋಟಿ ಬೇರೆಯವರದಿತ್ತು, ತೀರಿಸುವ ಜನರಿಗೆ ಲೆಕ್ಕ ಕೇಳುವ ಹಕ್ಕೇ ಇರಲಿಲ್ಲ. ಇಂದು ಆ ಹಕ್ಕಿದೆ. ಸಂವಿಧಾನದ 371(ಜೆ) ವಿಧಿ, ದೋಆಬ್ ಸೇರಿದ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆನ್ನುತ್ತದೆ. ಅನ್ನಭಾಗ್ಯವಿರಲಿ, ಕಾಲುವೆಯಿರಲಿ, ಬಡವರ ಪಾಲಿನ ಖರ್ಚು ತಪ್ಪಲ್ಲ. ಸಾಲದ ಕಂತಿಗೆ ಸಿಕ್ಕಿ ಮುಂದೆ ಅದೇ ಮೊದಲು ಕಡಿತವಾಗದಂತೆ ನೋಡಿಕೊಳ್ಳಬೇಕು. ಅದಕ್ಕೆ ಸಾಲ, ಖಾತರಿ, ಬಾಕಿ ದುರಸ್ತಿ ಎಲ್ಲವೂ ಒಂದೇ ಲೆಕ್ಕದಲ್ಲಿ ಜನರ ಮುಂದೆ ಬರಬೇಕು. ತಾನು ಮಾಡದ ಸಾಲಕ್ಕೆ ಏಳು ವರ್ಷ ಒತ್ತೆ ಬಿದ್ದಿದ್ದ ಈ ನಾಡಿಗೆ ಹಾಗೆ ಕೇಳುವ ಅಧಿಕಾರ ಎಲ್ಲರಿಗಿಂತ ಹೆಚ್ಚು.